ತಾನೊಂದು ಬಗೆದರೆ... ಕ್ರಿಸ್ಮಸ್ ಹೊಸ್ತಿಲಲ್ಲಿ ತೊಡಕು ಬಂದಾಗ

ಡಿಸೆಂಬರ್ ಕಾಲಿಟ್ಟಿತೆಂದರೆ ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಮನೆಗಳಲ್ಲಿ ಎಣ್ಣೆಯ ಬಾಣಲೆ ಒಲೆಯಿಂದ ಇಳಿಯುವುದೇ ಇಲ್ಲ. ನಮ್ಮ ಕರ್ಜಿಕಾಯಿಗೆ ಅಕ್ಕನೋ ತಂಗಿಯೋ ಎನ್ನಬಹುದಾದ ನೆವ್ರಿ, ಗೋಲಿಯಂಥ ಗುಳಿಯೊ, ಅಚ್ಚಿನಲ್ಲಿ ಅದ್ದಿ ಕರಿಯುವ ಗುಲಾಬಿ ಹೂವಿನಂಥ ಕೊಕ್ಕಿಸಾಂ, ಚಕ್ಕುಲಿ, ತುಕ್ಡಿ, ಕಿಡಿಯೊ - ಇವೆಲ್ಲ ಸೇರಿದರೆ ಅದಕ್ಕೆ ‘ಕುಸ್ವಾರ್’ ಎಂದು ಹೆಸರು. ಬಯಲುಸೀಮೆಯ ಮನೆಗಳಲ್ಲಿ ಕಜ್ಜಾಯ, ಕರ್ಜಿಕಾಯಿಗಳ ಸಡಗರ. ಒಂದು ಕಡೆ ಬಾಗಿಲಿಗೆ ನಕ್ಷತ್ರದ ಗೂಡುದೀಪ, ಇನ್ನೊಂದು ಕಡೆ ಮಕ್ಕಳು ಕಟ್ಟುವ ಗೋದಲಿ. ಅದರ ಸುತ್ತ ಹಸಿರು ಗದ್ದೆ ಕಾಣಬೇಕೆಂದು ತಟ್ಟೆಯಲ್ಲಿ ರಾಗಿ, ಭತ್ತ ಬಿತ್ತಿ ಮೊಳಕೆ ಬರಿಸುವವರೂ ಉಂಟು. ಕೇಕಿಗೆಂದು ದ್ರಾಕ್ಷಿ, ಗೋಡಂಬಿ ನೆನೆಹಾಕಿ ಆಗಲೇ ವಾರಗಳು ಕಳೆದಿರುತ್ತವೆ.

ಇಷ್ಟೆಲ್ಲದರ ಹಿಂದೆ ಒಬ್ಬ ಗೃಹಿಣಿಯ ಲೆಕ್ಕಾಚಾರವಿರುತ್ತದೆ. ಯಾವ ದಿನ ಹಿಟ್ಟು ಬೀಸಿಸಬೇಕು, ಯಾರ ಮನೆಗೆ ಎಷ್ಟು ಡಬ್ಬಿ, ಮಕ್ಕಳ ಬಟ್ಟೆ ದರ್ಜಿಯಿಂದ ಯಾವಾಗ ಬರುತ್ತದೆ, ನೆಂಟರು ಮಲಗುವುದೆಲ್ಲಿ ಎಂದು ಎಲ್ಲವೂ ಅವಳ ತಲೆಯಲ್ಲಿ ಪಟ್ಟಿಯಾಗಿ ಕೂತಿರುತ್ತದೆ. ಗಣೇಶನ ಹಬ್ಬವೋ ದೀಪಾವಳಿಯೋ ಮಾಡುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಬ್ಬ ಯಾರದ್ದಾದರೇನು, ಪಟ್ಟಿ ಹಿಡಿಯುವ ಕೈ ಒಂದೇ!

ಹೀಗಿರುವಾಗ, ಎಣಿಸದೇ ಇದ್ದದ್ದೊಂದು ಬಂದೆರಗುತ್ತದೆ. ಹಬ್ಬಕ್ಕೆ ಮೂರು ದಿನ ಇರುವಾಗ ಮಾವನವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯುತ್ತದೆ. ದುಬೈಯಲ್ಲಿರುವ ಮಗ ಫೋನು ಮಾಡಿ, “ಅಮ್ಮಾ, ರಜೆ ಸಿಗಲಿಲ್ಲ” ಎನ್ನುತ್ತಾನೆ. ಯಜಮಾನರ ಸಂಬಳ ತಡವಾಗುತ್ತದೆ. ಇಲ್ಲವೇ, ಯಾರ ಮನೆಗೂ ಬರಬಾರದ ಸುದ್ದಿ ನಿಮ್ಮ ಮನೆಗೇ ಬರುತ್ತದೆ. ಆಗ ಬಾಯಿಂದ ಹೊರಡುವ ಮಾತು ಒಂದೇ: “ಅಯ್ಯೋ ದೇವರೇ, ಇದು ಈಗಲೇ ಆಗಬೇಕಿತ್ತೇ?”

ತಾನೊಂದು ಬಗೆದರೆ ದೈವವೊಂದು ಬಗೆಯಿತು ಎಂಬುದು ನಮ್ಮ ಹಳೆಯ ಗಾದೆ. ಗಾದೆ ಹೇಳುವುದು ಸುಲಭ. ಆದರೆ ಹಾಗೆ ಬೇರೆ ಬಗೆದ ದೈವವನ್ನು ಮತ್ತೆ ನಂಬುವುದು ಹೇಗೆ? ಹಬ್ಬದ ದಿನವೇ ಕೈಬಿಟ್ಟಂತೆ ಕಾಣುವ ದೇವರ ಮುಂದೆ ಮೊಂಬತ್ತಿ ಹಚ್ಚುವುದು ಹೇಗೆ? ಇದಕ್ಕೆ ಉತ್ತರ ಹುಡುಕಲು ಬೇರೆಲ್ಲೂ ಹೋಗಬೇಕಾಗಿಲ್ಲ. ಕ್ರಿಸ್ಮಸ್ಸಿನ ಕತೆಯನ್ನೇ ಒಮ್ಮೆ ಗೃಹಿಣಿಯ ಕಣ್ಣಿನಿಂದ ಓದಿದರೆ ಸಾಕು.

ಮೊದಲ ಕ್ರಿಸ್ಮಸ್ಸೇ ಹಾಗಿತ್ತು!

ಗೋದಲಿಯಲ್ಲಿ ನಾವು ಕಾಣುವ ದೃಶ್ಯ ಬಲು ಅಂದ. ಹೊಳೆಯುವ ನಕ್ಷತ್ರ, ನೀಲಿ ಸೆರಗಿನ ತಾಯಿ, ಸುತ್ತ ಕುರಿಮರಿಗಳು. ಆದರೆ ಲೂಕ ಮತ್ತು ಮತ್ತಾಯನ ಸುವಾರ್ತೆಗಳನ್ನು ಬಿಡಿಸಿ ನೋಡಿ. ಅಲ್ಲಿರುವುದು ಒಂದರ ಮೇಲೊಂದು ತೊಡಕು.

ಮರಿಯಳು ನಜರೇತಿನ ಹೆಣ್ಣುಮಗಳು. ದಿನ ತುಂಬುತ್ತಿದೆ. ನಮ್ಮಲ್ಲಾದರೆ ತವರಿಗೆ ಕರೆದುಕೊಂಡು ಹೋಗಿ ಕೂರಿಸುವ ಹೊತ್ತು. ಆಗಲೇ ರೋಮಿನ ಚಕ್ರವರ್ತಿ ಅಗಸ್ಟಸನಿಂದ ಜನಗಣತಿಯ ಆಜ್ಞೆ ಬಂತು. ಯೋಸೇಫನ ವಂಶದ ಊರು ಬೆತ್ಲೆಹೇಮ್. ಹೆಸರು ಬರೆಸಲು ಅಲ್ಲಿಗೇ ಹೋಗಬೇಕು. ನಜರೇತಿನಿಂದ ಬೆತ್ಲೆಹೇಮಿಗೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ, ಹಲವು ದಿನಗಳ ಪ್ರಯಾಣ. ಚಿತ್ರಗಳಲ್ಲಿ ಮರಿಯಳನ್ನು ಕತ್ತೆಯ ಮೇಲೆ ಕೂರಿಸಿರುತ್ತಾರೆ. ಸುವಾರ್ತೆಯಲ್ಲಿ ಕತ್ತೆಯ ಮಾತೇ ಇಲ್ಲ. ಬಸುರಿ ಹೆಂಗಸು ಆ ಗುಡ್ಡಗಾಡನ್ನು ನಡೆದೇ ದಾಟಿದಳೋ ಏನೋ! ಸರಕಾರದ ಒಂದು ಕಾಗದ ಮನೆಯ ಏರ್ಪಾಡನ್ನೆಲ್ಲ ತಲೆಕೆಳಗು ಮಾಡುವುದು ಎರಡು ಸಾವಿರ ವರ್ಷಗಳ ಹಿಂದೆಯೂ ಇತ್ತು, ನೋಡಿ.

ಹೋದ ಊರಿನಲ್ಲಿ ಛತ್ರದಲ್ಲಿ ಜಾಗವಿಲ್ಲ. ಹೆರಿಗೆ ಅಲ್ಲೇ ಆಯಿತು. ತೊಟ್ಟಿಲಿಲ್ಲ, ಮಗುವನ್ನು ಬಟ್ಟೆಯಲ್ಲಿ ಸುತ್ತಿ ದನಗಳಿಗೆ ಮೇವು ಹಾಕುವ ಗೋದಲಿಯಲ್ಲಿ ಮಲಗಿಸಿದಳು. ಪಕ್ಕದಲ್ಲಿ ತಾಯಿಯಿದ್ದಳೇ, ಸೂಲಗಿತ್ತಿ ಬಂದಿದ್ದಳೇ ಎಂಬುದನ್ನು ಲೂಕ ಬರೆದಿಲ್ಲ. ನೋಡಲು ಬಂದವರು ಯಾರು? ರಾತ್ರಿಯೆಲ್ಲ ಬಯಲಲ್ಲಿ ಮಂದೆ ಕಾಯುತ್ತಿದ್ದ ಕುರುಬರು, ಗುರುತು ಪರಿಚಯವಿಲ್ಲದ ಗಂಡಸರು. ಬಾಣಂತಿಯ ಮನಸ್ಸು ಹೇಗಿದ್ದೀತು? ಆದರೂ ಅವಳು ಅವರನ್ನು ಹೊರಗೆ ಕಳುಹಿಸಲಿಲ್ಲ. ಅವರು ಹೇಳಿದ್ದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಯೋಚಿಸುತ್ತಿದ್ದಳು ಎಂದಷ್ಟೇ ಲೂಕ ಹೇಳುತ್ತಾನೆ.

ಮುಂದೆ ದೇವಾಲಯಕ್ಕೆ ಹೋದಾಗ ಅವರು ಒಪ್ಪಿಸಬೇಕಾದದ್ದು ಒಂದು ಜೋಡಿ ಹಕ್ಕಿ. ಕುರಿ ಕೊಡುವ ಶಕ್ತಿ ಇಲ್ಲದವರಿಗೆ ಧರ್ಮಶಾಸ್ತ್ರ ಕೊಟ್ಟಿದ್ದ ರಿಯಾಯಿತಿ ಅದು. ಎಂದರೆ ಕೈಯಲ್ಲಿ ಕಾಸಿಲ್ಲದ ಬಾಣಂತನ! ಅದರ ಮೇಲೆ ಹೆರೋದನ ಕಾಟ. ಮಗುವನ್ನು ಕೊಲ್ಲಿಸಲು ಅರಸ ಹುಡುಕುತ್ತಿದ್ದಾನೆಂದು ಯೋಸೇಫನಿಗೆ ಕನಸಿನಲ್ಲಿ ಎಚ್ಚರಿಕೆ ಬಂದಾಗ, ರಾತ್ರೋರಾತ್ರಿ ಹೊರಟು ಐಗುಪ್ತ ದೇಶಕ್ಕೆ ಓಡಿಹೋದರು ಎನ್ನುತ್ತಾನೆ ಮತ್ತಾಯ.

ಈಗ ನೀವೇ ಹೇಳಿ, ಇದರಲ್ಲಿ ಯಾವುದು ಅಂದುಕೊಂಡಂತೆ ನಡೆಯಿತು? ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ ಎಂದು ನಾವು ಧೈರ್ಯ ಹೇಳಿಕೊಳ್ಳುತ್ತೇವೆ. ಕ್ರೈಸ್ತರ ನಂಬಿಕೆಯಲ್ಲಿ ದೇವರು ಹುಲ್ಲಿನ ಮೇಲೇ ಹುಟ್ಟಿ ಬಂದ. ತೊಡಕು ಇಲ್ಲದ ಮನೆ ಹುಡುಕಿಕೊಂಡು ಅವನು ಬರಲಿಲ್ಲ. ಆದ್ದರಿಂದ “ನಮ್ಮ ಮನೆಯಲ್ಲಿ ಈ ಸಲ ಕ್ರಿಸ್ಮಸ್ ಕೆಟ್ಟುಹೋಯಿತು” ಎನ್ನುವ ಮುನ್ನ ಒಂದು ಕ್ಷಣ ಯೋಚಿಸಬೇಕು. ಕೆಟ್ಟದ್ದು ನಾವು ಮಾಡಿಕೊಂಡಿದ್ದ ಪಟ್ಟಿ, ಹಬ್ಬವಲ್ಲ.

ಸೆರೆಮನೆಗೆ ಬಂದ ಮರ

ಇದೆಲ್ಲ ಪುರಾಣಕಾಲದ ಮಾತಾಯಿತು, ನಮ್ಮಂಥ ಹೆಂಗಸರ ಕತೆ ಹೇಳಿ ಎನ್ನುತ್ತೀರಾ? ಹಾಗಾದರೆ ಇನ್ನೊಬ್ಬ ಮರಿಯಳ ಕತೆ ಕೇಳಿ.

ಇವಳು ಜರ್ಮನಿಯ ಮರಿಯಾ ಫಾನ್ ವೇಡೆಮಾಯರ್. 1924ರಲ್ಲಿ ಹುಟ್ಟಿದವಳು. ಎರಡನೆಯ ಮಹಾಯುದ್ಧದಲ್ಲಿ, 1942ರ ಒಂದೇ ವರ್ಷದಲ್ಲಿ, ಮೊದಲು ತಂದೆಯನ್ನೂ ಕೆಲವೇ ವಾರಗಳ ಮೇಲೆ ಅಣ್ಣನನ್ನೂ ಕಳೆದುಕೊಂಡಳು. 1943ರ ಜನವರಿಯಲ್ಲಿ ಡೀಟ್ರಿಖ್ ಬೋನ್‌ಹೋಫರ್ ಎಂಬ ಪಾದ್ರಿಯೊಡನೆ ಅವಳ ನಿಶ್ಚಿತಾರ್ಥವಾಯಿತು. ಆಗ ಅವಳಿಗೆ ಹದಿನೆಂಟು, ಅವರಿಗೆ ಮೂವತ್ತಾರು. ಬೋನ್‌ಹೋಫರ್ ಹಿಟ್ಲರನ ಆಡಳಿತವನ್ನು ಎದುರಿಸಿ ನಿಂತವರು. ಮಾತು ಕೊಟ್ಟು ಮೂರು ತಿಂಗಳೂ ತುಂಬಿರಲಿಲ್ಲ, ಏಪ್ರಿಲ್ 5ರಂದು ಅವರ ಬಂಧನವಾಯಿತು. ಬರ್ಲಿನ್ನಿನ ಟೇಗೆಲ್ ಸೆರೆಮನೆಯ 92ನೆಯ ಕೋಣೆ ಅವರ ಮನೆಯಾಯಿತು. ಮದುವೆಯ ಕನಸು ಕಾಣುತ್ತಿದ್ದ ಹುಡುಗಿಗೆ ಉಳಿದದ್ದು ಕಾಗದ ಬರೆಯುವುದು, ಕಾವಲಿನವರ ಎದುರಿನಲ್ಲಿ ಕೆಲವೇ ನಿಮಿಷ ಮಾತಾಡುವುದು.

ಆ ವರ್ಷದ ಕ್ರಿಸ್ಮಸ್ ಬಂತು. ಮರಿಯಾ ಏನು ಮಾಡಿದಳು ಗೊತ್ತೇ? ಒಂದು ದೊಡ್ಡ ಕ್ರಿಸ್ಮಸ್ ಮರವನ್ನು ಎಳೆದುಕೊಂಡು ಸೆರೆಮನೆಗೇ ಹೋದಳು! ಕಾವಲಿನವರಿಗೂ ನಗು, ಬೋನ್‌ಹೋಫರಿಗೂ ನಗು. ಮಂಚವನ್ನು ಹೊರಗೆ ಹಾಕಿ ಹಬ್ಬ ಮುಗಿಯುವ ತನಕ ನಿಂತೇ ಇದ್ದರೆ ಈ ಮರಕ್ಕೆ ನನ್ನ ಕೋಣೆಯಲ್ಲಿ ಜಾಗವಾದೀತು ಎಂದು ಅವರು ತಮಾಷೆ ಮಾಡಿದರಂತೆ. ಕೊನೆಗೆ ಮರವನ್ನು ಕಾವಲಿನವರ ಕೋಣೆಯಲ್ಲಿ ಇಡಲಾಯಿತು. ನೋಡಲು ಕೈದಿಯನ್ನೂ ಅಲ್ಲಿಗೆ ಕರೆದರು. ಅದೇ ಕ್ರಿಸ್ಮಸ್ಸಿಗೆ ಬೋನ್‌ಹೋಫರ್ ಜೊತೆಯ ಕೈದಿಗಳಿಗಾಗಿ ಪ್ರಾರ್ಥನೆಗಳನ್ನು ಬರೆದುಕೊಟ್ಟರು. ಸೆರೆಮನೆಯ ಕೋಣೆ ಆಗಮನ ಕಾಲಕ್ಕೆ ಒಳ್ಳೆಯ ಹೋಲಿಕೆ ಎಂದು ಅವರು ಗೆಳೆಯರಿಗೆ ಬರೆದದ್ದೂ ಉಂಟು. ಕ್ರಿಸ್ಮಸ್ಸಿಗೆ ಮುಂಚಿನ ಆ ನಾಲ್ಕು ವಾರ ಕಾಯುವ ಕಾಲ. ಸೆರೆಯಲ್ಲಿರುವವನೂ ಕಾಯುತ್ತಾನೆ, ಏಕೆಂದರೆ ಅವನ ಬಾಗಿಲು ಒಳಗಿನಿಂದ ತೆರೆಯದು; ಹೊರಗಿನಿಂದಲೇ ಯಾರಾದರೂ ತೆರೆಯಬೇಕು.

ಕತೆ ಇಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ನಿಲ್ಲಲಿಲ್ಲ. 1944ರ ಡಿಸೆಂಬರಿನಲ್ಲಿ ಅವರು ಇನ್ನೂ ಬಿಗಿಯಾದ ಸೆರೆಯಲ್ಲಿದ್ದರು. ಡಿಸೆಂಬರ್ 19ರ ಕಾಗದದೊಂದಿಗೆ, ದೇವರ ಕಾಪಿನಲ್ಲಿ ನೆಮ್ಮದಿ ಕಾಣುವ ಒಂದು ಕವಿತೆಯನ್ನು ಮರಿಯಾಳಿಗೂ ಮನೆಯವರಿಗೂ ಕಳುಹಿಸಿದರು. ಇಂದಿಗೂ ಜರ್ಮನ್ ಚರ್ಚುಗಳಲ್ಲಿ ಅದನ್ನು ಹಾಡುತ್ತಾರೆ. 1945ರ ಫೆಬ್ರವರಿಯಲ್ಲಿ ಅವರನ್ನು ಎಲ್ಲಿಗೋ ಸಾಗಿಸಿದರೆಂದು ತಿಳಿದು, ಮರಿಯಾ ಬೆಚ್ಚನೆಯ ಬಟ್ಟೆ ಹೊತ್ತುಕೊಂಡು ಫ್ಲೋಸನ್‌ಬುರ್ಗ್ ಎಂಬ ಶಿಬಿರದ ತನಕ ಹುಡುಕಿಕೊಂಡು ಹೋದಳು. ಅವರು ಅಲ್ಲಿರಲಿಲ್ಲ. ಬರಿಗೈಯಲ್ಲಿ ಮರಳಿದಳು. ಏಪ್ರಿಲ್ 9ರಂದು ಅದೇ ಫ್ಲೋಸನ್‌ಬುರ್ಗಿನಲ್ಲಿ ಬೋನ್‌ಹೋಫರರನ್ನು ಗಲ್ಲಿಗೇರಿಸಿದರು. ಮುಂದಿನ ತಿಂಗಳೇ ಯುದ್ಧ ಮುಗಿಯಿತು.

ಮರಿಯಾ ಅಷ್ಟಕ್ಕೇ ಕುಸಿದು ಕೂರಲಿಲ್ಲ. ಗಣಿತ ಓದಿದಳು, ಅಮೆರಿಕಕ್ಕೆ ಹೋದಳು, ಹೆಂಗಸರು ಅಪರೂಪವಾಗಿದ್ದ ಕಾಲದಲ್ಲೇ ಕಂಪ್ಯೂಟರ್ ಕ್ಷೇತ್ರದಲ್ಲಿ ದುಡಿದಳು, ಮಕ್ಕಳನ್ನು ಸಾಕಿದಳು. 1977ರಲ್ಲಿ ತೀರಿಕೊಂಡಳು. ಆ ಕಾಗದಗಳನ್ನು ಕೊನೆಯವರೆಗೂ ಜೋಪಾನವಾಗಿ ಉಳಿಸಿದ್ದಳು. 1992ರಲ್ಲಿ ಅವು ಪುಸ್ತಕವಾಗಿ ಬಂದವು.

ಈ ಕತೆಯನ್ನು ಯಾಕೆ ಹೇಳಿದೆನೆಂದರೆ, ದೇವರನ್ನು ನಂಬಿದರೆ ಎಲ್ಲ ಸರಿಹೋಗುತ್ತದೆ ಎಂದು ನಾವು ಬಲು ಸಲೀಸಾಗಿ ಹೇಳಿಬಿಡುತ್ತೇವೆ. ಮರಿಯಾಳಿಗೆ ಎಲ್ಲ ಸರಿಹೋಗಲಿಲ್ಲ. ಅವಳು ಬೇಡಿದ್ದು ಸಿಗಲಿಲ್ಲ. ಆದರೆ 1943ರ ಆ ಕ್ರಿಸ್ಮಸ್ಸಿಗೆ ಅವಳು ಮರ ಹೊತ್ತು ತಂದದ್ದು ಸುಳ್ಳಾಗಲಿಲ್ಲ. ಬಾಗಿಲು ತೆರೆಯುವುದು ಅವಳ ಕೈಯಲ್ಲಿರಲಿಲ್ಲ; ಬಾಗಿಲ ತನಕ ಹೋಗುವುದು ಅವಳ ಕೈಯಲ್ಲಿತ್ತು. ನಂಬಿಕೆ ಎಂದರೆ ಬಹುಶಃ ಅಷ್ಟೇ.

ಕಡಲು ಉಕ್ಕಿದ ಮರುದಿನ

ನಮ್ಮ ದೇಶದಲ್ಲೇ ಇದಕ್ಕಿಂತ ಕಠಿಣವಾದ ಪ್ರಶ್ನೆ ಎದ್ದದ್ದು 2004ರಲ್ಲಿ. ಡಿಸೆಂಬರ್ 26, ಭಾನುವಾರ, ಕ್ರಿಸ್ಮಸ್ಸಿನ ಮರುದಿನ. ಸುಮಾತ್ರಾ ಬಳಿ ಸಮುದ್ರದ ತಳದಲ್ಲಿ ನೆಲ ನಡುಗಿ ಎದ್ದ ಸುನಾಮಿ ಅಲೆಗಳು ತಮಿಳುನಾಡಿನ ಕರಾವಳಿಗೂ ಬಂದು ಬಡಿದವು. ಎಲ್ಲ ದೇಶಗಳದ್ದೂ ಸೇರಿ ಸತ್ತವರು ಎರಡು ಲಕ್ಷಕ್ಕೂ ಮೇಲೆ. ನಮ್ಮ ದೇಶದಲ್ಲಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ನಾಗಪಟ್ಟಿಣಂ ಒಂದು. ವೇಲಾಂಕಣ್ಣಿ ಇರುವುದು ಅಲ್ಲೇ. ಕರ್ನಾಟಕದಿಂದಲೂ ಜಾತಿ ಮತ ನೋಡದೆ ಜನ ಹರಕೆ ಹೊತ್ತು ಹೋಗುವ ಮಾತೆಯ ಕ್ಷೇತ್ರ.

ಆ ಬೆಳಿಗ್ಗೆ ದೇವಾಲಯದ ಒಳಗಿದ್ದವರು ಉಳಿದರು. ಕಡಲ ದಂಡೆಯಲ್ಲಿದ್ದ ಯಾತ್ರಿಕರು, ಅಂಗಡಿಯವರು ಅನೇಕರು ಕೊಚ್ಚಿಹೋದರು. ನಂಬಿದವರನ್ನು ದೇವರು ಕಾಪಾಡಿದ ಎಂದು ಕೆಲವರು ಅಂದರು. ಕೇಳಲು ಹಿತವಾದ ಮಾತೇ. ಆದರೆ ದಂಡೆಯಲ್ಲಿದ್ದ ತಾಯಿ ಹರಕೆ ತೀರಿಸಲೆಂದೇ ಬಂದವಳಲ್ಲವೇ? ಅವಳ ನಂಬಿಕೆ ಕಡಿಮೆಯಾಗಿತ್ತೆಂದು ಹೇಳುವ ಅಧಿಕಾರ ನಮಗೆಲ್ಲಿದೆ? ಸಂಕಟದಲ್ಲಿರುವವರ ಮುಂದೆ ನಿಂತು “ಇದಕ್ಕೂ ಒಂದು ಕಾರಣವಿರುತ್ತದೆ, ನೀವು ಇನ್ನೂ ಹೆಚ್ಚು ಪ್ರಾರ್ಥನೆ ಮಾಡಬೇಕಿತ್ತು” ಎನ್ನುವುದು ಗಾಯದ ಮೇಲೆ ಉಪ್ಪೆರಚಿದಂತೆ. ದಯವಿಟ್ಟು ಆ ಮಾತು ಯಾರಿಗೂ ಆಡಬೇಡಿ.

ಇಂಥ ಹೊತ್ತಿನಲ್ಲಿ ‘ಯಾಕೆ?’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ‘ಯಾರು ಜೊತೆಗಿದ್ದಾರೆ?’ ಎಂಬುದಕ್ಕೆ ಮಾತ್ರ ಉತ್ತರ ಉಂಟು. ಆ ದಿನಗಳಲ್ಲಿ ಆ ಕರಾವಳಿಯ ದೇವಾಲಯ, ಮಸೀದಿ, ಚರ್ಚು, ಶಾಲೆಗಳೆಲ್ಲ ಬಾಗಿಲು ತೆರೆದು ದಿಕ್ಕಿಲ್ಲದವರಿಗೆ ನೆರಳು ಕೊಟ್ಟವು. ಅನ್ನದ ಪೊಟ್ಟಣ ಕಟ್ಟಿದ ಕೈಗಳಲ್ಲಿ ನಮ್ಮ ನಿಮ್ಮಂಥ ಹೆಂಗಸರ ಕೈಗಳೇ ಹೆಚ್ಚು. ದೇವರು ಎಲ್ಲಿದ್ದ ಎಂದು ಕೇಳುವವರಿಗೆ ಆ ಪೊಟ್ಟಣಗಳನ್ನು ತೋರಿಸಬಹುದು. ಅದಕ್ಕಿಂತ ದೊಡ್ಡ ಉತ್ತರ ಇದ್ದರೆ ಅದು ಅವನಿಗೇ ಗೊತ್ತು.

ಈಚಿನ ವರ್ಷಗಳಲ್ಲಿ

2020ರ ಕ್ರಿಸ್ಮಸ್ ನಿಮಗೆ ನೆನಪಿರಬೇಕು. ಕೊರೋನಾ ಕಾಲ. ನಮ್ಮ ರಾಜ್ಯದಲ್ಲಿ ಡಿಸೆಂಬರ್ 24ರಿಂದ ರಾತ್ರಿ ಕರ್ಫ್ಯೂ ಎಂದು ಸಾರಿದರು. ಜಾರಿಗೆ ಬರಬೇಕಾದ ದಿನವೇ ಅದನ್ನು ಹಿಂದಕ್ಕೂ ಪಡೆದರು. ಪೂಜೆ ಎಷ್ಟು ಹೊತ್ತಿಗೆ, ಅಡಿಗೆ ಎಷ್ಟು ಹೊತ್ತಿಗೆ ಎಂದು ಗೃಹಿಣಿ ಎರಡೆರಡು ಸಲ ಲೆಕ್ಕ ಬದಲಿಸಿದ್ದೇ ಬಂತು. ಎಷ್ಟೋ ಮನೆಗಳಲ್ಲಿ ವಯಸ್ಸಾದವರು ಮೊದಲ ಬಾರಿಗೆ ಚರ್ಚಿಗೆ ಹೋಗದೆ ಮೊಬೈಲಿನ ಚಿಕ್ಕ ಪರದೆಯ ಮುಂದೆ ಕೈಮುಗಿದು ಕೂತರು. ಊಟದ ಮೇಜಿನಲ್ಲಿ ಕೆಲವು ಕುರ್ಚಿಗಳು ಖಾಲಿ ಇದ್ದವು; ಅವು ಇಂದಿಗೂ ಖಾಲಿಯೇ.

2023ರಲ್ಲಿ ಬೆತ್ಲೆಹೇಮಿನಲ್ಲೇ ಹಬ್ಬದ ಸಡಗರ ನಿಂತುಹೋಯಿತು. ಗಾಜಾದ ಯುದ್ಧದ ದುಃಖದಲ್ಲಿ ಆ ವರ್ಷ ಅಲ್ಲಿ ದೊಡ್ಡ ಮರ ನಿಲ್ಲಿಸಲಿಲ್ಲ, ದೀಪಾಲಂಕಾರವಿಲ್ಲ. ಅಲ್ಲಿನ ಲುಥೆರನ್ ಚರ್ಚೊಂದರಲ್ಲಿ ಗೋದಲಿಯ ಬದಲು ಒಡೆದ ಕಲ್ಲು, ಸಿಮೆಂಟಿನ ರಾಶಿ ಹಾಕಿ ಅದರ ನಡುವೆ ಬಾಲ ಯೇಸುವನ್ನು ಮಲಗಿಸಿದರು. ಆದರೆ ಪ್ರಾರ್ಥನೆ ನಿಲ್ಲಲಿಲ್ಲ. ಹಬ್ಬದ ಮೈಯಿಂದ ಒಡವೆಗಳನ್ನೆಲ್ಲ ಕಳಚಿದ ಮೇಲೂ ಉಳಿಯುವುದು ಯಾವುದೋ ಅದೇ ಹಬ್ಬ, ಅಲ್ಲವೇ?

ಹಾಗಾದರೆ ಮಾಡೋದೇನು?

ನಂಬಿಕೆ ಬರೀ ಮನಸ್ಸಿನ ಮಾತಲ್ಲ. ಕೈಗೂ ಒಂದಿಷ್ಟು ಕೆಲಸ ಬೇಕು. ಹಬ್ಬದ ಹೊಸ್ತಿಲಲ್ಲಿ ತೊಡಕು ಬಂದಾಗ ನೆನಪಿಡಬಹುದಾದ ಕೆಲವು ಸಂಗತಿಗಳು ಇಲ್ಲಿವೆ.

ಮೊದಲು ಕೂತುಕೊಳ್ಳಿ. ಸುದ್ದಿ ಬಂದ ಗಳಿಗೆಯಲ್ಲೇ ಹತ್ತು ಕಡೆ ಓಡಬೇಡಿ. ಒಂದು ಲೋಟ ನೀರು ಕುಡಿದು, ಐದು ನಿಮಿಷ ದೇವರ ಮುಂದೆ ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿಕೊಳ್ಳಿ. ಅಳು ಬಂದರೆ ಅಳಿ, ಸಿಟ್ಟು ಬಂದರೆ ಅದನ್ನೂ ಹೇಳಿ. ಬೈಬಲಿನ ಕೀರ್ತನೆಗಳಲ್ಲಿ ಎಷ್ಟೋ ದೇವರ ಮೇಲಿನ ದೂರುಗಳೇ. ದೂರು ಹೇಳುವುದು ನಂಬಿಕೆ ಇಲ್ಲದವರ ಲಕ್ಷಣವಲ್ಲ. ಕೇಳುವವನಿದ್ದಾನೆ ಎಂದು ನಂಬಿದವರೇ ದೂರು ಹೇಳುವುದು!

ಪಟ್ಟಿಯನ್ನು ಎರಡು ಭಾಗ ಮಾಡಿ. ಇಲ್ಲದಿದ್ದರೆ ಹಬ್ಬವೇ ಅಲ್ಲ ಎನ್ನುವಂಥದ್ದು ಒಂದು ಕಡೆ, ಇದ್ದರೆ ಚೆನ್ನ ಎನ್ನುವಂಥದ್ದು ಇನ್ನೊಂದು ಕಡೆ. ಮೊದಲ ಭಾಗದಲ್ಲಿ ಎರಡೋ ಮೂರೋ ಮಾತ್ರ ಉಳಿಯುವುದನ್ನು ಕಂಡು ನಿಮಗೇ ಆಶ್ಚರ್ಯವಾದೀತು. ಪ್ರಾರ್ಥನೆ, ಒಂದು ದೀಪ, ಜೊತೆಗೆ ಕೂತು ಉಣ್ಣುವ ಒಂದು ಊಟ. ಪರದೆ ಒಗೆಯದಿದ್ದರೆ ಆಕಾಶವೇನೂ ಕಳಚಿ ಬೀಳದು. ಉಳಿದದ್ದನ್ನು ಮನಸ್ಸಿನಿಂದ ಇಳಿಸಿಬಿಡಿ.

ಇದ್ದುದರಲ್ಲೇ ಮಾಡಿ. ಪ್ರಪಂಚದ ಮೂಲೆಮೂಲೆಯಲ್ಲಿ ಹಾಡುವ ‘ಸೈಲೆಂಟ್ ನೈಟ್’ ಹಾಡಿನ ಹುಟ್ಟು ನಿಮಗೆ ಗೊತ್ತಿರಬಹುದು. 1818ರ ಡಿಸೆಂಬರ್ 24ರಂದು ಆಸ್ಟ್ರಿಯದ ಓಬರ್ನ್‌ಡೋರ್ಫ್ ಎಂಬ ಚಿಕ್ಕ ಊರಿನ ಚರ್ಚಿನಲ್ಲಿ ಅದನ್ನು ಮೊದಲ ಬಾರಿ ಹಾಡಿದರು. ಹೊಳೆಯಲ್ಲಿ ದೋಣಿ ನಡೆಸಿ ಬದುಕುವವರ ಬಡ ಊರು ಅದು. ಯುರೋಪಿನಲ್ಲಿ ಯುದ್ಧಗಳು ಮುಗಿದು ಬೆಳೆ ಕೆಟ್ಟಿದ್ದ ಕಷ್ಟದ ಕಾಲ. ಸಹಾಯಕ ಪಾದ್ರಿ ಯೋಸೆಫ್ ಮೋರ್ ಎರಡು ವರ್ಷ ಮೊದಲೇ ಬರೆದಿಟ್ಟಿದ್ದ ಪದಗಳಿಗೆ ಶಾಲೆಯ ಮೇಷ್ಟ್ರು ಫ್ರಾನ್ಸ್ ಕ್ಸಾವರ್ ಗ್ರೂಬರ್ ಅದೇ ದಿನ ರಾಗ ಕಟ್ಟಿದರು. ಇಲಿಗಳು ಆರ್ಗನ್ನಿನ ತಿದಿ ಕಡಿದಿದ್ದವು ಎಂಬ ಕತೆ ಆಮೇಲೆ ಹುಟ್ಟಿಕೊಂಡದ್ದು. ಗ್ರೂಬರ್ 1854ರಲ್ಲಿ ಬರೆದಿಟ್ಟ ವಿವರದಲ್ಲಿ ಇಲಿಯ ಸುದ್ದಿಯಿಲ್ಲ. ಆದರೆ ಎರಡು ಕೊರಳು, ಒಂದು ಗಿಟಾರ್, ಇಷ್ಟರಲ್ಲೇ ಹಾಡಿದ್ದು ನಿಜ. ಆ ಇಷ್ಟೇ ಸಾಕಾಯಿತು ನೋಡಿ! ಆ ಚರ್ಚು ಹೊಳೆಯ ನೆರೆಗೆ ಸಿಕ್ಕಿ ಕೊನೆಗೆ ನೆಲಸಮವಾಯಿತು. ಹಾಡು ಉಳಿಯಿತು.

ಮಕ್ಕಳಿಗೆ ನಿಜ ಹೇಳಿ. “ಅಜ್ಜನಿಗೆ ಹುಷಾರಿಲ್ಲ, ಈ ಸಲ ಹೊಸ ಬಟ್ಟೆ ಆಮೇಲೆ ತರೋಣ” ಎಂದು ಬಿಡಿಸಿ ಹೇಳಿದರೆ ಮಕ್ಕಳು ನಾವೆಣಿಸಿದ್ದಕ್ಕಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತವೆ. ಮುಚ್ಚಿಟ್ಟರೆ ತಮ್ಮಿಂದಲೇ ಏನೋ ತಪ್ಪಾಯಿತೆಂದು ಹೆದರುತ್ತವೆ. ಅವರಿಗೂ ಒಂದು ಚಿಕ್ಕ ಜವಾಬ್ದಾರಿ ಕೊಡಿ. ಗೋದಲಿ ಕಟ್ಟಲಿ, ಆಸ್ಪತ್ರೆಯಲ್ಲಿರುವ ಅಜ್ಜನಿಗೊಂದು ಚಿತ್ರ ಬರೆಯಲಿ.

ಖಾಲಿ ಕುರ್ಚಿಯನ್ನು ಮುಚ್ಚಿಡಬೇಡಿ. ಮನೆಯಲ್ಲಿ ಸಾವಾದರೆ ಆ ವರ್ಷ ಹಬ್ಬ ಮಾಡದಿರುವುದು ನಮ್ಮ ಅನೇಕ ಮನೆಗಳ ವಾಡಿಕೆ. ಕ್ರೈಸ್ತ ಮನೆಗಳಲ್ಲೂ ಆ ವರ್ಷ ಸಡಗರ ಕಡಿಮೆ. ಅದರಲ್ಲಿ ತಪ್ಪೇನಿಲ್ಲ. ಆದರೆ ತೀರಿಹೋದವರ ಹೆಸರೆತ್ತಲು ಹೆದರಿ ಎಲ್ಲರೂ ಮುಖ ತಿರುಗಿಸಿಕೊಂಡು ಕೂರುವುದು ಬೇಡ. ಊಟಕ್ಕೆ ಮುಂಚೆ ಅವರ ಹೆಸರು ಹೇಳಿ, ಅವರಿಗಿಷ್ಟವಾದ ಒಂದು ಪದಾರ್ಥ ಮಾಡಿ. ಕಣ್ಣೀರು ಬಂದರೆ ಬರಲಿ. ಹಬ್ಬದ ದಿನ ಅಳಬಾರದೆಂದು ಯಾವ ದೇವರೂ ಹೇಳಿಲ್ಲ.

ಸಹಾಯ ಬಂದರೆ ಬೇಡ ಎನ್ನಬೇಡಿ. “ಅಯ್ಯೋ, ನಿಮಗ್ಯಾಕೆ ತೊಂದರೆ?” ಎನ್ನುವುದು ನಮ್ಮ ಹೆಂಗಸರ ಬಾಯಿಪಾಠ. ದೇವರೇ ಕಳಿಸು ಎಂದು ಒಳಗೆ ಬೇಡಿಕೊಂಡು, ಬಾಗಿಲಿಗೆ ಬಂದವರನ್ನು ಹೊರಗೆ ನಿಲ್ಲಿಸಿದರೆ ಹೇಗೆ? ಪಕ್ಕದ ಮನೆಯ ಸರೋಜಮ್ಮನವರು ಸಾರು ತಂದರೆ ಇಸಿದುಕೊಳ್ಳಿ. ರಾತ್ರಿ ಆಸ್ಪತ್ರೆಯಲ್ಲಿ ನಾನಿರುತ್ತೇನೆ ಎಂದು ಮೈದುನ ಹೇಳಿದರೆ ಹೂಂ ಎನ್ನಿ, ಮನೆಗೆ ಬಂದು ನಿದ್ದೆ ಮಾಡಿ.

ಒಂದೇ ತಿಂಡಿ ಮಾಡುವುದಾದರೆ

ಇಷ್ಟೆಲ್ಲ ಆದ ಮೇಲೂ ಮಕ್ಕಳ ಬಾಯಿಗೆ ಏನಾದರೂ ಸಿಹಿ ಬೇಕೇ ಬೇಕು. ಎಂಟು ಬಗೆ ಮಾಡುವ ಕೈಲಿ ಈ ಸಲ ಕಿಡಿಯೊ ಒಂದನ್ನೇ ಮಾಡಿ. ಕೊಂಕಣಿಯಲ್ಲಿ ಕಿಡಿಯೊ ಎಂದರೆ ಹುಳುಗಳು! ಸುರುಳಿ ಸುತ್ತಿದ ಆಕಾರಕ್ಕೆ ಬಂದ ಹೆಸರು. ಬೆಂಗಳೂರು ಕಡೆ ಇದೇ ಕಲ್‌ಕಲ್.

ಎರಡು ಲೋಟ ಮೈದಾಕ್ಕೆ ಚಿಟಿಕೆ ಉಪ್ಪು, ಎರಡು ಚಮಚ ಬಿಸಿ ತುಪ್ಪ ಹಾಕಿ ಬೆರಳಲ್ಲಿ ಉಜ್ಜಿ. ಗಟ್ಟಿ ತೆಂಗಿನ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಚಪಾತಿ ಹಿಟ್ಟಿನ ಹದಕ್ಕೆ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಗೋಲಿ ಗಾತ್ರದ ಉಂಡೆ ಮಾಡಿ, ಎಣ್ಣೆ ಸವರಿದ ಹೊಸ ಬಾಚಣಿಗೆಯ ಮೇಲೋ ಮುಳ್ಳುಚಮಚದ ಬೆನ್ನಿನ ಮೇಲೋ ಒತ್ತಿ, ತುದಿಯಿಂದ ಸುತ್ತಿಕೊಂಡು ಬನ್ನಿ. ಹದವಾದ ಉರಿಯಲ್ಲಿ ಹೊಂಬಣ್ಣ ಬರುವ ತನಕ ಕರಿಯಿರಿ. ಮುಕ್ಕಾಲು ಲೋಟ ಸಕ್ಕರೆಗೆ ಕಾಲು ಲೋಟ ನೀರು ಹಾಕಿ ಗಟ್ಟಿ ಎಳೆಪಾಕ ಮಾಡಿ, ಕರಿದದ್ದನ್ನು ಅದರಲ್ಲಿ ಹೊರಳಿಸಿ, ಸಕ್ಕರೆ ಬೆಳ್ಳಗೆ ಹಿಡಿದುಕೊಳ್ಳುವ ತನಕ ಮಗುಚಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿದರೆ ಎರಡು ವಾರ ಕೆಡುವುದಿಲ್ಲ.

ಇದರಲ್ಲಿ ಒಂದು ಅನುಕೂಲ ಉಂಟು. ಸುತ್ತುವ ಕೆಲಸಕ್ಕೆ ಒಲೆಯ ಮುಂದೆ ನಿಲ್ಲಬೇಕಾಗಿಲ್ಲ. ಕಾಯಿಲೆಯವರ ಮಂಚದ ಪಕ್ಕದಲ್ಲೇ ತಟ್ಟೆಯಿಟ್ಟುಕೊಂಡು, ಮಕ್ಕಳನ್ನೂ ಕೂರಿಸಿಕೊಂಡು, ಮಾತಾಡುತ್ತಲೇ ಸುತ್ತಬಹುದು. ಆಗುವಷ್ಟು ಆಗಲಿ.

ನೆರೆಯವರಿಗೆ ಒಂದು ಮಾತು

ಕ್ರಿಸ್ಮಸ್ ಮಾಡದ ಸೋದರಿಯರೇ, ನಿಮಗೂ ಇಲ್ಲೊಂದು ಪಾತ್ರವಿದೆ. ಮೊದಲ ಕ್ರಿಸ್ಮಸ್ಸಿನಲ್ಲಿ ಊರಿನವರು ಮಾಡಿದ್ದು ಏನು? ಜಾಗವಿಲ್ಲ ಎಂದದ್ದು. ನಾವು ಹಾಗೆ ಮಾಡುವುದು ಬೇಡ. ಪಕ್ಕದ ಕ್ರೈಸ್ತ ಮನೆಯಲ್ಲಿ ಈ ಸಲ ನಕ್ಷತ್ರದ ದೀಪ ಕಾಣದಿದ್ದರೆ, ಸಂಕೋಚ ಬಿಟ್ಟು ಬಾಗಿಲು ತಟ್ಟಿ. “ಏನಾಯ್ತು ಬಾಯಮ್ಮಾ?” ಎಂದು ಕೇಳಲು ಪರಿಚಯಪತ್ರ ಬೇಕಿಲ್ಲ. ಒಂದು ಪಾತ್ರೆ ಚಿತ್ರಾನ್ನ, ಒಂದು ಗಂಟೆ ಮಗುವನ್ನು ಎತ್ತಿಕೊಳ್ಳುವ ಕೈ, ಆಸ್ಪತ್ರೆಗೊಂದು ಫ್ಲಾಸ್ಕ್ ಕಾಫಿ ಸಾಕು. ನಾಳೆ ನಿಮ್ಮ ಯುಗಾದಿಯ ದಿನ ಬೇವು ಮಾತ್ರ ಉಳಿದು ಬೆಲ್ಲ ಖಾಲಿಯಾದರೆ, ಅದೇ ಬಾಗಿಲು ನಿಮಗೆ ತೆರೆದುಕೊಳ್ಳುತ್ತದೆ.

ಇನ್ನು ತೊಡಕಿನ ನಡುವೆಯೇ ಈ ಸಾಲುಗಳನ್ನು ಓದುತ್ತಿರುವ ತಂಗಿ, ನಿನಗೆ ಇಷ್ಟೇ ಹೇಳುವುದು. ಡಿಸೆಂಬರ್ 24ರ ರಾತ್ರಿ ನಿನ್ನ ಮನೆಯಲ್ಲಿ ಕೇಕ್ ಇಲ್ಲದಿರಬಹುದು, ಮಗ ಇಲ್ಲದಿರಬಹುದು, ನೀನೇ ಆಸ್ಪತ್ರೆಯ ಬೆಂಚಿನ ಮೇಲೆ ಸೆರಗು ಹೊದ್ದು ಕೂತಿರಬಹುದು. ಎಲ್ಲ ಸರಿಹೋಗುತ್ತದೆಂದು ನಿನಗೆ ಮಾತು ಕೊಡಲು ಯಾರಿಂದಲೂ ಆಗದು. ಆದರೆ ಸೂರಿಲ್ಲದ ಕಡೆ ಹೆತ್ತ ತಾಯಿಯ ಹಬ್ಬ ಇದು. ಆ ಬೆಂಚಿನ ಮೇಲೆ ಬೇರೆಯವರ ಹಬ್ಬವನ್ನು ದೂರದಿಂದ ನೋಡುತ್ತಿದ್ದೇನೆ ಎಂದುಕೊಳ್ಳಬೇಡ. ಹಬ್ಬ ಮೊದಲು ಬಂದದ್ದು ನೀನು ಕೂತಿರುವಂಥ ಜಾಗಕ್ಕೇ.